ಸಿಂಗಲ್ ಫೇಸ್ ಕರೆಂಟಲ್ಲಿ ತ್ರೀ ಫೇಸ್ ಲೇತು, ವಿಎಫ್‌ಡಿ ಹಾಕಿ ಒಂದೂವರೆ ವರ್ಷ ಓಡಿಸಿದ ಮೇಲೆ ಬರೀತಿರೋದು

ಸಾಗರದಲ್ಲಿ ನಂದೊಂದು ಸಣ್ಣ ಲೇತ್ ವರ್ಕ್‌ಶಾಪು. ಅಡಿಕೆ ಸುಲಿಯೋ ಮಷಿನ್ನಿನ ಶಾಫ್ಟು, ಪಂಪಿನ ಸ್ಲೀವು, ಟಿಲ್ಲರ್ ಬುಷ್ಷು, ಪುಲ್ಲಿ ಬೋರ್ ಮಾಡೋದು, ಇಂಥದ್ದೇ ಕೆಲಸ. ಬಾಡಿಗೆ ಮಳಿಗೆ, ಇರೋದು ಸಿಂಗಲ್ ಫೇಸ್ ಕರೆಂಟು. ತ್ರೀ ಫೇಸ್ ತಗೋಬೇಕು ಅಂದ್ರೆ ಓನರ್ ಒಪ್ಪಿಗೆ ಬೇಕು, ಡೆಪಾಸಿಟ್ ಕಟ್ಟಬೇಕು, ಕಂಬದಿಂದ ಹೊಸ ಕೇಬಲ್ ಎಳೆಸಬೇಕು, ಇಷ್ಟೆಲ್ಲ ದುಡ್ಡು ಹಾಕಿ ನಾಳೆ ಮಳಿಗೆ ಖಾಲಿ ಮಾಡಿ ಅಂದ್ರೆ ಎಲ್ಲಾ ಅಲ್ಲೇ ಬಿಟ್ಟು ಬರಬೇಕು, ಹಾಗಾಗಿ ನಾನು ಆ ದಾರಿಗೇ ಹೋಗಲಿಲ್ಲ. ನನ್ನ ತರ ಇರೋರು ತುಂಬಾ ಜನ ಇದಾರೆ, ಫೋನ್ ಮಾಡಿ ಕೇಳ್ತಾನೇ ಇರ್ತಾರೆ, ಅವರಿಗೋಸ್ಕರ ಒಂದೇ ಸಲ ಪೂರ್ತಿ ಬರೆದುಬಿಡ್ತೀನಿ.

ತಗೊಂಡಿದ್ದು 2.2 ಕಿಲೋವ್ಯಾಟಿನ ವಿಎಫ್‌ಡಿ, ಅಂದ್ರೆ ಸಿಂಗಲ್ ಫೇಸ್ 230 ವೋಲ್ಟ್ ಒಳಗೆ ಕೊಟ್ರೆ ತ್ರೀ ಫೇಸ್ 230 ವೋಲ್ಟ್ ಹೊರಗೆ ಕೊಡೋ ಡ್ರೈವು, ಹೊರಗೆ ಹೋಗೋ ಕರೆಂಟಿನ ಹರ್ಟ್ಸ್ ಬದಲಾಯಿಸಿ ಮೋಟಾರಿನ ಸ್ಪೀಡನ್ನೂ ಹೆಚ್ಚುಕಮ್ಮಿ ಮಾಡುತ್ತೆ. ಕಂಪನಿ ಹೆಸರು ಹಾಕ್ತಿಲ್ಲ, ಈ ಸೈಜಲ್ಲಿ ಐದಾರು ಕಂಪನಿದು ಸಿಗುತ್ತೆ, ಲೇತಿನ ಕೆಲಸಕ್ಕೆ ಎಲ್ಲಾ ಹೆಚ್ಚುಕಮ್ಮಿ ಒಂದೇ ತರ. ನನಗೆ ಡ್ರೈವಿಗೇ 12,500 ಬಿತ್ತು, ಬಾಕ್ಸು ವೈರು ಎಂಸಿಬಿ ಸ್ವಿಚ್ಚು ಎಲ್ಲಾ ಸೇರಿ ಇನ್ನೊಂದು ಮೂರು ಸಾವಿರ. ಐದಕ್ಕೆ ನಾಲ್ಕೂವರೆ ಮಾರ್ಕ್ಸ್ ಕೊಡ್ತೀನಿ. ಆದ್ರೆ ಇದನ್ನ ಓದಿ ಇವತ್ತೇ ಹೋಗಿ ತರಬೇಡಿ, ಮೊದಲು ನಿಮ್ಮ ಮೋಟಾರಿನ ಮೇಲಿರೋ ಪ್ಲೇಟ್ ಒರೆಸಿ ಓದಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಲೇತು ರಾಜ್‌ಕೋಟ್ ಕಡೆದು, ನಾಲ್ಕೂವರೆ ಅಡಿ ಬೆಡ್ಡು, ಕೋನ್ ಪುಲ್ಲಿ, ಸೆಕೆಂಡ್ ಹ್ಯಾಂಡ್. ಬರುವಾಗ 2 ಎಚ್‌ಪಿ ತ್ರೀ ಫೇಸ್ ಮೋಟಾರ್ ಇತ್ತು, ನಾನು ಅದನ್ನ ಬಿಚ್ಚಿ ಮೂಲೆಗಿಟ್ಟು 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಹಾಕಿಕೊಂಡು ಮೂರು ವರ್ಷ ಓಡಿಸಿದೆ. ಓಡುತ್ತೆ, ಓಡಲ್ಲ ಅಂತಿಲ್ಲ. ಆದ್ರೆ ಸ್ವಿಚ್ ಹಾಕಿದ ಕೂಡ್ಲೆ ಪಕ್ಕದ ಟೈಲರ್ ಅಂಗಡಿ ಲೈಟು ಮಂಕಾಗೋದು, ಸಂಜೆ ಹೊತ್ತು ವೋಲ್ಟೇಜ್ ಡಲ್ ಇದ್ರೆ ಮೋಟಾರು ಗುಂಯ್ ಅಂದು ನಿಂತೇಬಿಡೋದು, ಬೆಲ್ಟ್ ಕೈಯಲ್ಲಿ ಎಳೆದು ಸ್ಟಾರ್ಟ್ ಮಾಡ್ತಿದ್ದೆ, ಈಗ ನೆನೆಸಿಕೊಂಡ್ರೆ ಭಯ ಆಗುತ್ತೆ.

ದೊಡ್ಡ ತೊಂದರೆ ಅಂದ್ರೆ ರಿವರ್ಸು. ನನ್ನ ಲೇತಿನ ಲೀಡ್ ಸ್ಕ್ರೂ, ಅಂದ್ರೆ ಥ್ರೆಡ್ ಹಾಕುವಾಗ ಟೂಲನ್ನ ಎಳೆಯೋ ಉದ್ದ ಸ್ಕ್ರೂ, ಇಂಚಿಂದು, ಇಂಚಿಗೆ 4 ಥ್ರೆಡ್ಡು. ಮೆಟ್ರಿಕ್ ಥ್ರೆಡ್ ಹಾಕುವಾಗ ಹಾಫ್ ನಟ್ (ಟೂಲನ್ನ ಆ ಸ್ಕ್ರೂಗೆ ಕಚ್ಚಿಸೋ ನಟ್ಟು) ಬಿಚ್ಚೋ ಹಾಗಿಲ್ಲ, ಬಿಚ್ಚಿದ್ರೆ ಮತ್ತೆ ಅದೇ ಗೆರೆಗೆ ಕೂರಲ್ಲ, ಹಾಗಾಗಿ ಟೂಲ್ ಹಿಂದೆ ಎಳೆದು ಮೋಟಾರನ್ನೇ ರಿವರ್ಸ್ ಮಾಡಿ ವಾಪಸ್ ಬರಬೇಕು. ಸಿಂಗಲ್ ಫೇಸ್ ಮೋಟಾರಿನ ಒಳಗೆ ಒಂದು ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತೆ, ಮೋಟಾರ್ ನಿಧಾನ ಆಗಿ ಅದು ಟಕ್ ಅಂತ ಕೂತ ಮೇಲೇ ಸ್ಟಾರ್ಟಿಂಗ್ ವೈಂಡಿಂಗಿಗೆ ಮತ್ತೆ ಕರೆಂಟ್ ಹೋಗೋದು, ಅದಕ್ಕೆ ಮುಂಚೆ ನೀವು ರಿವರ್ಸ್ ಸ್ವಿಚ್ ತಿರುಗಿಸಿದ್ರೆ ಅದು ರಿವರ್ಸ್ ಆಗೋದೇ ಇಲ್ಲ, ಮುಂಚೆ ಯಾವ ಕಡೆ ತಿರುಗ್ತಿತ್ತೋ ಅದೇ ಕಡೆ ಎಳ್ಕೊಂಡು ಹೋಗುತ್ತೆ. ಒಂದು ದಿನ ಗಡಿಬಿಡಿಯಲ್ಲಿ ಹಾಗೇ ಆಯ್ತು. ಎರಡು ದಿನ ಕೂತು ಮಾಡಿದ್ದ ಶಾಫ್ಟು, ಥ್ರೆಡ್ ಮುಗಿಯೋಕೆ ಇನ್ನೆರಡು ಕಟ್ ಬಾಕಿ, ಟೂಲ್ ಹಿಂದೆ ಎಳೆಯೋದೂ ತಡ ಆಯ್ತು, ಸೀದಾ ಹೋಗಿ ಶೋಲ್ಡರಿಗೆ, ಅಂದ್ರೆ ಶಾಫ್ಟು ದಪ್ಪ ಆಗೋ ಮೆಟ್ಟಿಲಿಗೆ ಹೊಡೀತು. ಟೂಲ್ ತುದಿ ಮುರಿದು ಶಾಫ್ಟಿನೊಳಗೆ ಕಚ್ಚಿಕೊಂಡಿತ್ತು. ಪಾರ್ಟಿ ಸಂಜೆ ಬರ್ತೀನಿ ಅಂದಿದ್ರು, ಅವರಿಗೆ ಮುಖ ತೋರಿಸೋದು ಹೇಗೆ ಅನ್ನೋ ಹಾಗಾಗಿತ್ತು.

ಆಮೇಲೆ ಹಳೇ ತ್ರೀ ಫೇಸ್ ಮೋಟಾರೇ ವಾಪಸ್ ಹಾಕಿ ಕಂಡೆನ್ಸರ್ ಕೊಟ್ಟು ನೋಡಿದೆ. ಹಳ್ಳಿ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಿಡೋದು ದಿನಕ್ಕೆ ಕೆಲವೇ ಗಂಟೆ, ಉಳಿದ ಹೊತ್ತಲ್ಲಿ ಸಿಂಗಲ್ ಫೇಸಿಗೆ ಕಂಡೆನ್ಸರ್ ಹಾಕಿ ಮೋಟಾರ್ ತಿರುಗಿಸೋದು ತೋಟದವರಿಗೆಲ್ಲ ಗೊತ್ತಿರೋ ಐಡಿಯಾನೇ. ಒಂದು ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ ಲೆಕ್ಕ, ನನ್ನ 1.5 ಕಿಲೋವ್ಯಾಟಿಗೆ ನೂರರ ಹತ್ತಿರ. ಪಂಪಿಗಾದ್ರೆ ಒಂದು ಮಟ್ಟಿಗೆ ನಡಿಯುತ್ತೆ, ಅದರ ಲೋಡು ಯಾವಾಗಲೂ ಒಂದೇ. ಲೇತಲ್ಲಿ ಒಂದು ನಿಮಿಷ ಖಾಲಿ ತಿರುಗುತ್ತೆ, ಮುಂದಿನ ನಿಮಿಷ 2 ಎಂಎಂ ಕಟ್ಟು, ಕಂಡೆನ್ಸರು ಯಾವುದೋ ಒಂದು ಲೋಡಿಗೆ ಮಾತ್ರ ಸರಿ ಹೊಂದೋದು. ಖಾಲಿ ತಿರುಗುವಾಗಲೇ ಮೋಟಾರು ಬಿಸಿ, ಪೂರ್ತಿ ತಾಕತ್ತೂ ಬರಲ್ಲ, ಮೂರರಲ್ಲಿ ಎರಡು ಪಾಲು ಸಿಕ್ರೆ ಹೆಚ್ಚು.

ಅದಕ್ಕಿಂತ ನನಗೆ ತಲೆಬಿಸಿ ಆಗಿದ್ದು ಫಿನಿಶಿಂಗು. ಫೇಸ್ ಸರಿಯಾಗಿ ಬ್ಯಾಲೆನ್ಸ್ ಇಲ್ಲದಿದ್ರೆ ಮೋಟಾರಿನ ಎಳೆತ ಸೆಕೆಂಡಿಗೆ ನೂರು ಸಲ ಏರಿಳಿಯುತ್ತೆ, ಕೈಗೆ ಗೊತ್ತಾಗಲ್ಲ, ಜಾಬಿಗೆ ಗೊತ್ತಾಗುತ್ತೆ. 400 ಆರ್‌ಪಿಎಂನಲ್ಲಿ ಫಿನಿಶ್ ಕಟ್ ತಗೊಂಡು ಶಾಫ್ಟನ್ನ ಬಾಗಿಲ ಬೆಳಕಿಗೆ ಹಿಡಿದ್ರೆ ಮೀನಿನ ಪೊರೆ ತರ ಮಸುಕು ಗೆರೆಗಳು, ಸುತ್ತಿಗೆ ಹದಿನೈದು. ಬೇರಿಂಗ್ ಲೂಸು, ಸ್ಪಿಂಡಲ್ ಹೋಗಿದೆ, ಟೂಲ್ ಸರಿ ಗ್ರೈಂಡ್ ಆಗಿಲ್ಲ ಅಂತ ಒಂದು ತಿಂಗಳು ಲೇತನ್ನೇ ಬೈದೆ. ಲೆಕ್ಕ ಹಾಕಿದ ಮೇಲೆ ಗೊತ್ತಾಯ್ತು, 400 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 6.67 ಸುತ್ತು, ನೂರನ್ನ ಅದರಿಂದ ಭಾಗಿಸಿದ್ರೆ ಸರಿಯಾಗಿ ಹದಿನೈದೇ ಬರುತ್ತೆ.

ಇನ್ನೊಂದು ದಾರಿ ರೋಟರಿ ಕನ್ವರ್ಟರು, ದೊಡ್ಡದೊಂದು ತ್ರೀ ಫೇಸ್ ಮೋಟಾರನ್ನ ಖಾಲಿ ತಿರುಗಿಸಿ ಅದರಿಂದ ಮೂರನೇ ಫೇಸ್ ಹುಟ್ಟಿಸೋದು. ಐದಾರು ಮಷಿನ್ ಇರೋರಿಗೆ ಅದು ಒಳ್ಳೇದು. ಒಂದು ಲೇತಿಗೆ ದಿನಪೂರ್ತಿ ಇನ್ನೊಂದು ಮೋಟಾರು ಬರೀ ತಿರುಗ್ತಾ ಕೂರೋದು ನನಗೆ ಸರಿ ಕಾಣಲಿಲ್ಲ.

ಈಗ ಡ್ರೈವಿನ ವಿಷ್ಯಕ್ಕೆ ಬರ್ತೀನಿ. ಮೊದಲನೇ ಸಲ ತಂದಿದ್ದೇ ತಪ್ಪು ಡ್ರೈವು. ಸಿಂಗಲ್ ಫೇಸ್ ಅಂತ ನಾಲ್ಕು ಸಲ ಹೇಳಿದ್ರೂ ಅಂಗಡಿಯವರು 415 ವೋಲ್ಟ್ ಇನ್‌ಪುಟ್‌ದು ಕೊಟ್ಟು ಕಳಿಸಿದ್ರು, ಎರಡು ಟರ್ಮಿನಲ್ಲಿಗೆ ಕೊಡಿ ಸಾರ್ ಸಾಕು, ಓಡುತ್ತೆ ಅಂದ್ರು. ತಂದು ಕೊಟ್ರೆ ಲೋ ವೋಲ್ಟೇಜ್ ಅಂತ ತೋರಿಸಿ ಕೂತುಬಿಡ್ತು. ಓಡೋದಾದ್ರೂ ಹೇಗೆ, ಅದಕ್ಕೆ ಬೇಕಾಗಿರೋದು 415, ಇರೋದು 230. ವಾಪಸ್ ತಗೊಳ್ಳೋಕೆ ಎರಡು ಸಾವಿರ ಹಿಡ್ಕೊಂಡ್ರು, ಬಸ್ ಚಾರ್ಜು ಒಂದು ದಿನದ ಕೆಲಸ ಬೇರೆ ಹೋಯ್ತು. ತಗೊಳ್ಳುವಾಗ ಅಂಗಡಿಯಲ್ಲೇ ಡ್ರೈವಿನ ಸೈಡಲ್ಲಿರೋ ಸ್ಟಿಕರ್ ಓದಿ, ಇನ್‌ಪುಟ್ ಅನ್ನೋ ಕಡೆ 1 ಫೇಸ್ 200ರಿಂದ 240 ಅಂತ ಇರಬೇಕು, ಬಾಯಿಮಾತು ನಂಬಬೇಡಿ.

ಇನ್ನು ಮೋಟಾರಿನ ಪ್ಲೇಟು. ಇದೇ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ. ಈ ಡ್ರೈವು ಹೆಚ್ಚೆಂದ್ರೆ ಒಳಗೆ ಬಂದಷ್ಟು ವೋಲ್ಟೇಜನ್ನ ಹೊರಗೆ ಕೊಡೋದು, 230 ಕೊಟ್ರೆ 230, ಅದನ್ನ 415 ಮಾಡಲ್ಲ. ನಮ್ಮ ಕಡೆ ಸಿಗೋ ಮೋಟಾರುಗಳಲ್ಲಿ ಸಾಮಾನ್ಯವಾಗಿ 2 ಎಚ್‌ಪಿವರೆಗೂ 415ಕ್ಕೆ ಸ್ಟಾರ್ ಕನೆಕ್ಷನ್ (ಮೂರು ವೈಂಡಿಂಗಿನ ಒಂದೊಂದು ತುದಿ ಒಂದೇ ಗಂಟಿಗೆ ಸೇರಿರೋದು) ಇರುತ್ತೆ, 3 ಎಚ್‌ಪಿಯಿಂದ ಮೇಲೆ 415ಕ್ಕೆ ಡೆಲ್ಟಾ (ಒಂದರ ತುದಿ ಇನ್ನೊಂದಕ್ಕೆ ಸೇರಿ ತ್ರಿಕೋನ ಆಗಿರೋದು). ಸ್ಟಾರ್ ಇದ್ರೆ ನಿಮ್ಮ ಅದೃಷ್ಟ, ಯಾಕಂದ್ರೆ ಅದರ ಒಂದೊಂದು ವೈಂಡಿಂಗಿಗೆ ಬೀಳ್ತಿರೋದು 240 ವೋಲ್ಟೇ, ಅದನ್ನ ಡೆಲ್ಟಾಗೆ ಬದಲಾಯಿಸಿದ್ರೆ ಈ ಡ್ರೈವಿನ 230ರಲ್ಲಿ ಪೂರ್ತಿ 2 ಎಚ್‌ಪಿ ತಾಕತ್ತಲ್ಲಿ ಓಡುತ್ತೆ. ಆಂಪ್ಸ್ ಮಾತ್ರ 1.73 ಪಟ್ಟು ಆಗುತ್ತೆ, ನನ್ನ ಪ್ಲೇಟಲ್ಲಿ 3.4 ಅಂತಿತ್ತು, ಡೆಲ್ಟಾದಲ್ಲಿ 5.9 ಆಯ್ತು. ಡ್ರೈವಲ್ಲಿ ಮೋಟಾರ್ ಕರೆಂಟ್ ಅಂತ ಕೇಳೋ ಕಡೆ ಈ 5.9 ಹಾಕಬೇಕು, ಪ್ಲೇಟಲ್ಲಿರೋ 3.4 ಹಾಕಿದ್ರೆ ಸುಮ್‌ಸುಮ್ನೆ ಓವರ್‌ಲೋಡ್ ಟ್ರಿಪ್ ಆಗ್ತಾ ಇರುತ್ತೆ.

ಟರ್ಮಿನಲ್ ಬಾಕ್ಸಲ್ಲಿ ಆರು ತಲೆ ಇದ್ರೆ ಐದು ನಿಮಿಷದ ಕೆಲಸ, ಅಡ್ಡ ಇರೋ ಹಿತ್ತಾಳೆ ಪಟ್ಟಿ ಬಿಚ್ಚಿ ಮೇಲಿಂದ ಕೆಳಕ್ಕೆ ಮೂರು ಪಟ್ಟಿ ಹಾಕೋದು ಅಷ್ಟೆ. ನಂದರಲ್ಲಿ ಮೂರೇ ವೈರ್ ಹೊರಗೆ ಬಂದಿತ್ತು. ವೈಂಡಿಂಗ್ ಅಣ್ಣನ ಹತ್ರ ಒಯ್ದೆ, ಅವರು ಟಾರ್ಚ್ ಬಿಟ್ಟು ನೋಡಿ "ಸ್ಟಾರ್ ಪಾಯಿಂಟ್ ಒಳಗೇ ಕಟ್ಟಿಬಿಟ್ಟಿದಾರೆ ಮಾರಾಯ, ಅಗೆದು ತೆಗೀಬೇಕು" ಅಂದ್ರು. ವೈಂಡಿಂಗಿನ ತಲೆ ಮೇಲೆ ದಾರ ಬಿಗಿದು ವಾರ್ನಿಶ್ ಕುಡಿಸಿದ್ದು ಕಲ್ಲಿನ ತರ ಆಗಿತ್ತು. ಹೀಟ್ ಗನ್ನಲ್ಲಿ ಒಂದು ಇಂಚು ಬಿಸಿ ಮಾಡೋದು, ಬಿದಿರಿನ ಚಕ್ಕೆಯಲ್ಲಿ ಮೆತ್ತಗೆ ಎಬ್ಬಿಸೋದು, ಕಬ್ಬಿಣ ಮುಟ್ಟಿಸಲೇ ಇಲ್ಲ, ಎನಾಮಲ್ ಒಂದು ಕಡೆ ಕಿತ್ರೂ ಪೂರ್ತಿ ಕಾಯಿಲ್ ಹೋದ ಹಾಗೆ. ಮುಕ್ಕಾಲು ಗಂಟೆ ಆದ ಮೇಲೆ ಬಿಳಿ ಸ್ಲೀವೊಳಗೆ ಮೂರು ತಂತಿ ಸೇರಿಸಿ ಬೆಸೆದಿದ್ದ ಗಂಟು ಕಾಣಿಸ್ತು. ಅದನ್ನ ಕತ್ತರಿಸಿ ಮೂರಕ್ಕೂ ಹೊಸ ವೈರ್ ಬೆಸೆದು ಸ್ಲೀವ್ ಹಾಕಿ ಹೊರಗೆ ತಂದು, ಮೀಟರಲ್ಲಿ ಯಾವುದು ಯಾವುದರ ಜೋಡಿ ಅಂತ ನೋಡಿ ಟ್ಯಾಗ್ ಕಟ್ಟಿದ್ರು. ಮತ್ತೆ ವಾರ್ನಿಶ್ ಹೊಡೆದು ಒಂದು ರಾತ್ರಿ ಬಲ್ಬ್ ಕೆಳಗೆ ಇಟ್ಟು ಒಣಗಿಸಿದ್ರು. 600 ರೂಪಾಯಿ ತಗೊಂಡ್ರು, ಆ ಕೈಕೆಲಸಕ್ಕೆ ಅದು ಕಮ್ಮಿನೇ.

ವೈರಿಂಗಲ್ಲಿ ಎರಡು ವಿಷ್ಯ. ಒಂದು, ಲೇತಿನ ಮೇಲಿರೋ ಹಳೇ ಫಾರ್ವರ್ಡ್ ರಿವರ್ಸ್ ಸ್ವಿಚ್ಚನ್ನ ಡ್ರೈವಿಗೂ ಮೋಟಾರಿಗೂ ಮಧ್ಯೆ ಬಿಡಲೇಬಾರದು. ಓಡ್ತಿರುವಾಗ ಆ ಲೈನ್ ಕಟ್ ಮಾಡಿ ಸೇರಿಸಿದ್ರೆ ಡ್ರೈವಿನ ಔಟ್‌ಪುಟ್ಟೇ ಸುಟ್ಟು ಹೋಗಬಹುದು. ಡ್ರೈವಿಂದ ಮೋಟಾರಿಗೆ ನೇರ ವೈರು, ಹಳೇ ಸ್ವಿಚ್ಚಿನ ಕಾಂಟ್ಯಾಕ್ಟನ್ನ ಡ್ರೈವಿನ ಕಂಟ್ರೋಲ್ ಟರ್ಮಿನಲ್ಲಿಗೆ ಕೊಡಿ, ಅಲ್ಲಿರೋದು 24 ವೋಲ್ಟ್ ಅಷ್ಟೆ, ಕೈಗೆ ಅಭ್ಯಾಸ ಆಗಿರೋ ಅದೇ ಹಿಡಿ ಅದೇ ಜಾಗದಲ್ಲಿ ಉಳಿಯುತ್ತೆ. ಎರಡು, ಇನ್‌ಪುಟ್ ಕಡೆ ವೈರ್ ದಪ್ಪ ಇರಲಿ, ಮೂರು ಫೇಸಿಗೆ ಹೋಗೋ ಕರೆಂಟೆಲ್ಲ ಒಂದೇ ಫೇಸಿಂದ ಬರಬೇಕಲ್ವಾ, ನಾನು 4 ಸ್ಕ್ವೇರ್ ಎಂಎಂ ತಾಮ್ರ, 32 ಆಂಪ್ಸ್ ಸಿ ಕರ್ವ್ ಎಂಸಿಬಿ ಹಾಕಿದೀನಿ. ಅರ್ತಿಂಗ್ ಚೆನ್ನಾಗಿರಲೇಬೇಕು. ಹಾಂ, 30 ಮಿಲಿ ಆಂಪ್ಸಿನ ಇಎಲ್‌ಸಿಬಿ (ಅರ್ತಿಗೆ ಕರೆಂಟ್ ಲೀಕ್ ಆದ್ರೆ ಕಟ್ ಮಾಡೋ ಬ್ರೇಕರು) ಇದ್ರೆ ಆಗಾಗ ಬೀಳಬಹುದು, ಡ್ರೈವಿನ ಫಿಲ್ಟರಿಂದ ಅರ್ತಿಗೆ ಸ್ವಲ್ಪ ಲೀಕೇಜ್ ಇದ್ದೇ ಇರುತ್ತೆ, ಅದಕ್ಕೆ ಅಂತ ಇಎಲ್‌ಸಿಬಿ ಬೈಪಾಸ್ ಮಾಡಬೇಡಿ, ಗೊತ್ತಿರೋ ಎಲೆಕ್ಟ್ರಿಷಿಯನ್ ಕರೆಸಿ ಸರಿಯಾದ ಟೈಪ್ ಹಾಕಿಸಿ.

ಓಡಿಸಿದ ಮೊದಲನೇ ದಿನ ನಾನು ಸುಮ್ನೆ ನಿಂತು ನೋಡ್ತಿದ್ದೆ. ಜಾಬ್ ಹಿಡಿಯೋ ಚಕ್ಕು ನಿಧಾನಕ್ಕೆ ಎದ್ದು ಸ್ಪೀಡ್ ತಗೊಳ್ಳುತ್ತೆ, ಬೆಲ್ಟ್ ಕಿರುಚಲ್ಲ, ಪಕ್ಕದ ಅಂಗಡಿ ಲೈಟು ಅಲುಗಾಡಲ್ಲ. ಅದೇ ಶಾಫ್ಟಿಗೆ ಅದೇ ಟೂಲು ಅದೇ 400 ಆರ್‌ಪಿಎಂನಲ್ಲಿ ಒಂದು ಫಿನಿಶ್ ಕಟ್ ಹೊಡೆದು ಬಾಗಿಲ ಹತ್ರ ಒಯ್ದೆ, ಮೀನಿನ ಪೊರೆ ಇಲ್ಲ. ಉಗುರಲ್ಲಿ ಎಳೆದು ನೋಡಿದೆ, ಫೀಡಿನ ಸಣ್ಣ ಗೆರೆ ಬಿಟ್ರೆ ಏನೂ ಇಲ್ಲ. ಒಂದು ತಿಂಗಳು ಲೇತನ್ನ ಬೈದಿದ್ದಕ್ಕೆ ಬೇಜಾರಾಯ್ತು.

ಥ್ರೆಡ್ಡಿಂಗಂತೂ ಹೇಳೋದೇ ಬೇಡ. 30 ಎಂಎಂ ಶಾಫ್ಟು, 2 ಎಂಎಂ ಪಿಚ್ಚು, ಥ್ರೆಡ್ ಮುಗಿಯೋ ಕಡೆ 4 ಎಂಎಂ ಗ್ರೂವು, ಅದರಾಚೆ ಬೇರಿಂಗ್ ಕೂರೋ ಶೋಲ್ಡರು. ಮುಂಚೆ ಬ್ಯಾಕ್ ಗೇರ್ (ಸ್ಪೀಡ್ ಇಳಿಸಿ ಎಳೆತ ಹೆಚ್ಚಿಸೋ ಗೇರು) ಹಾಕದೆ ಅತೀ ಕಮ್ಮಿ ಅಂದ್ರೆ 200 ಆರ್‌ಪಿಎಂ, ಟೂಲು ಸೆಕೆಂಡಿಗೆ ಆರೂವರೆ ಎಂಎಂ ಮೇಲೆ ಓಡುತ್ತೆ, ಗ್ರೂವಿಗೆ ಬಂದ ಮೇಲೆ ನಿಲ್ಲಿಸೋಕೆ ಅರ್ಧ ಸೆಕೆಂಡ್ ಸಿಕ್ಕಿದ್ರೆ ಪುಣ್ಯ. ಈಗ ನಾಬ್ ತಿರುಗಿಸಿ 15 ಹರ್ಟ್ಸ್‌ಗೆ ತಂದ್ರೆ 60 ಆರ್‌ಪಿಎಂ, ಟೂಲು ಸೆಕೆಂಡಿಗೆ 2 ಎಂಎಂ, ಗ್ರೂವಲ್ಲಿ ಎರಡು ಸೆಕೆಂಡು ಇದೆ, ಚಿಪ್ಸ್ ಬಿಚ್ಚಿಕೊಳ್ಳೋದು ಕಣ್ಣಿಗೆ ಕಾಣುತ್ತೆ, ಆರಾಮಾಗಿ ಟೂಲ್ ಹಿಂದೆ ಎಳೆದು ಹಿಡಿ ಆ ಕಡೆ ಹಾಕಿದ್ರೆ ಚಕ್ಕು ತಾನೇ ನಿಧಾನ ಆಗಿ ನಿಂತು ಹಿಂದಕ್ಕೆ ತಿರುಗುತ್ತೆ. ಅವತ್ತು ಹಾಳಾಗಿತ್ತಲ್ಲ ಶಾಫ್ಟು, ಅದೇ ಪಾರ್ಟಿಯ ಇನ್ನೊಂದು ಮಷಿನ್ನಿಂದ ಅಂಥದ್ದೇ ಬಂತು, ಹೊಸ ನಟ್ಟು ಬೆರಳ ತುದಿಯಲ್ಲಿ ಕೊನೇವರೆಗೂ ಹೋಗೋ ಹಾಗೆ ಮಾಡಿ ಕೊಟ್ಟೆ.

ಸರಿ ಇಲ್ಲದ್ದನ್ನೂ ಹೇಳಬೇಕು. ನಾಬ್ ಇದೆ ಅಂತ ಬೆಲ್ಟ್ ಬದಲಾಯಿಸೋದನ್ನ ಬಿಟ್ಟುಬಿಡಬೇಡಿ. ಹರ್ಟ್ಸ್ ಕಮ್ಮಿ ಮಾಡಿದ್ರೆ ಸ್ಪೀಡ್ ಮಾತ್ರ ಕಮ್ಮಿ ಆಗೋದು, ಬ್ಯಾಕ್ ಗೇರ್ ಹಾಕಿದಾಗ ಬರೋ ಎಳೆತ ಬರಲ್ಲ. ದೊಡ್ಡ ಫ್ಲ್ಯಾಂಜ್ ಫೇಸಿಂಗ್ ಮಾಡುವಾಗ 12 ಹರ್ಟ್ಸಲ್ಲಿ ಕಟ್ ಕೊಟ್ರೆ ಚಕ್ಕು ನಿಂತೇಹೋಗುತ್ತೆ. ಮೇಲಾಗಿ ಮೋಟಾರಿನ ಫ್ಯಾನು ಅದೇ ಶಾಫ್ಟಲ್ಲಿರೋದು, ಮೋಟಾರ್ ನಿಧಾನ ಆದ್ರೆ ಗಾಳಿನೂ ಕಮ್ಮಿ, 20 ಹರ್ಟ್ಸ್ ಕೆಳಗೆ ಹೆವಿ ಕಟ್ ಹತ್ತು ನಿಮಿಷ ಕೊಟ್ರೆ ಬಾಡಿ ಮುಟ್ಟೋಕಾಗಲ್ಲ. ನಾನು ಈಗ ಬೆಲ್ಟು, ಬ್ಯಾಕ್ ಗೇರಲ್ಲಿ ಹತ್ತಿರದ ಸ್ಪೀಡಿಗೆ ತಂದು, ಉಳಿದಿದ್ದನ್ನ 25ರಿಂದ 60 ಹರ್ಟ್ಸ್ ಒಳಗೆ ನಾಬಲ್ಲಿ ಅಡ್ಜಸ್ಟ್ ಮಾಡ್ತೀನಿ. ಥ್ರೆಡ್ಡಿಂಗ್ ಮಾತ್ರ ಕೆಳಗೆ.

ಡ್ರೈವಿನ ಸೆಟ್ಟಿಂಗಲ್ಲಿ ಮೋಟಾರ್ ನಿಲ್ಲಿಸೋ ಟೈಮು ತುಂಬಾ ಕಮ್ಮಿ ಇಡಬೇಡಿ. ಹಳೇ ಲೇತುಗಳಲ್ಲಿ ಚಕ್ಕು ಸ್ಪಿಂಡಲಿಗೆ ಥ್ರೆಡ್ ಮೇಲೆ ಕೂತಿರುತ್ತೆ, ಒಂದು ಸೆಕೆಂಡಲ್ಲಿ ಬ್ರೇಕ್ ಹಾಕಿದ್ರೆ ಸ್ಪಿಂಡಲ್ ನಿಂತು ಚಕ್ಕು ತಿರುಗ್ತಾ ಬಿಚ್ಚಿಕೊಳ್ಳುತ್ತೆ. ನಾನು 4 ಸೆಕೆಂಡ್ ಇಟ್ಟಿದೀನಿ. ಅದಕ್ಕಿಂತ ಕಮ್ಮಿ ಇಟ್ರೆ ದೊಡ್ಡ ಚಕ್ಕು ಹಾಕಿದಾಗ ಡ್ರೈವು ಓವರ್ ವೋಲ್ಟೇಜ್ ಅಂತ ಟ್ರಿಪ್ಪೂ ಆಗುತ್ತೆ.

ಇದನ್ನ ಮಾತ್ರ ದಯವಿಟ್ಟು ಯಾರೂ ಮರೀಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗೋದು ಬರೋದು ಲೆಕ್ಕಕ್ಕೇ ಇಲ್ಲ. ಜೂನಲ್ಲಿ ಒಂದಿನ ಜಾಬ್ ತಿರುಗ್ತಿರುವಾಗ ಕರೆಂಟ್ ಹೋಯ್ತು, ಹಿಡಿ ಫಾರ್ವರ್ಡಲ್ಲೇ ಇತ್ತು, ನಾನು ಚಕ್ ಕೀ ಹಾಕಿ ಜಾಬ್ ಸಡಿಲ ಮಾಡ್ತಾ ಇದ್ದೆ. ಯಾರೋ ಗಿರಾಕಿ ಕರೆದ್ರು ಅಂತ ಎರಡು ಹೆಜ್ಜೆ ಆಚೆ ಬಂದೆ, ಕರೆಂಟ್ ಬಂತು, ಡ್ರೈವ್ ತಾನೇ ಸ್ಟಾರ್ಟ್ ಆಯ್ತು, ಕೀ ಹಾರಿ ಗೋಡೆಗೆ ಬಡೀತು. ಹಳೇ ಸ್ಟಾರ್ಟರಾಗಿದ್ರೆ ಕಾಂಟ್ಯಾಕ್ಟರ್ ಬಿದ್ದುಹೋಗಿರ್ತಿತ್ತು, ಮತ್ತೆ ಹಸಿರು ಬಟನ್ ಒತ್ತಬೇಕಿತ್ತು. ಕರೆಂಟ್ ಬಂದಾಗ ತಾನಾಗಿ ಓಡದ ಹಾಗೆ ಲಾಕ್ ಮಾಡೋ ಸೆಟ್ಟಿಂಗು ಡ್ರೈವಿನ ಮ್ಯಾನ್ಯುವಲ್ಲಲ್ಲಿ ಇರುತ್ತೆ, ಹುಡುಕಿ ಅದನ್ನ ಮೊದಲು ಹಾಕಿ, ಆಮೇಲೆ ಉಳಿದಿದ್ದು. ಒಂದು ಎಮರ್ಜೆನ್ಸಿ ಸ್ವಿಚ್ಚೂ ಕೈಗೆ ಸಿಗೋ ಕಡೆ ಇರಲಿ.

ಡ್ರೈವನ್ನ ಗ್ರೈಂಡರ್ ಹತ್ರ ಇಡಬೇಡಿ. ಕ್ಯಾಸ್ಟ್ ಐರನ್ ಪುಡಿ ಫ್ಯಾನಿಂದ ಒಳಗೆ ಹೋದ್ರೆ ಬೋರ್ಡ್ ಶಾರ್ಟ್ ಆಗುತ್ತೆ. ನಾನು ಶೀಟ್ ಬಾಕ್ಸ್ ಮಾಡಿ, ಗಾಳಿ ಹೋಗೋ ಕಡೆ ಕೂಲರ್ ಫೋಮು, ಅದರ ಹಿಂದೆ ಸೊಳ್ಳೆ ಜಾಲರಿ ಹಾಕಿದೀನಿ, ಜಾಲರಿ ಹಲ್ಲಿಗೆ. ಬೆಚ್ಚಗಿದೆ ಅಂತ ಹಲ್ಲಿ ಬಂದು ಟರ್ಮಿನಲ್ ಮೇಲೆ ಮಲಗುತ್ತೆ, ಅಲ್ಲಿಗೆ ಅದೂ ಹೋಯ್ತು ಡ್ರೈವೂ ಹೋಯ್ತು. ಫೋಮ್ ತಿಂಗಳಿಗೊಮ್ಮೆ ತೊಳೀಬೇಕು. ಬಾಕ್ಸ್ ತೆಗೆಯೋ ಮುಂಚೆ ಮೇನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಒಳಗೆ 320 ವೋಲ್ಟ್ ಡಿಸಿ ತುಂಬಿಕೊಂಡಿರುತ್ತೆ. ಮೋಟಾರಿಂದ ಕುಂಯ್ ಅಂತ ಒಂದು ಸಣ್ಣ ಸದ್ದು ಬರುತ್ತೆ, ಮೊದಲ ವಾರ ಕಿರಿಕಿರಿ, ಆಮೇಲೆ ಅಭ್ಯಾಸ ಆಗುತ್ತೆ. ಕೂಲೆಂಟ್ ಪಂಪ್ ತ್ರೀ ಫೇಸ್‌ದು ಇದ್ರೆ ಇದೇ ಡ್ರೈವಿಗೆ ಕೊಡಬೇಡಿ, ನಾಬ್ ಕಮ್ಮಿ ಮಾಡಿದಾಗ ಪಂಪೂ ನಿಧಾನ ಆಗುತ್ತೆ. ನಾನು ಸಣ್ಣದೊಂದು ಸಿಂಗಲ್ ಫೇಸ್ ಪಂಪ್ ಹಾಕಿದೆ.

3 ಎಚ್‌ಪಿ ಲೇತಿಗೆ ಏನು ಮಾಡೋದು ಅಂತ ಕೇಳೋರಿಗೆ. ಆರು ತಿಂಗಳ ಹಿಂದೆ ನನಗೂ ಒಂದು ಸಿಕ್ತು, ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತು. 1941ರಲ್ಲಿ ಶುರುವಾದ ಕಾರ್ಖಾನೆ, ಈಗ ಇಲ್ಲ, ಆದ್ರೆ ಅವರ ಬೆಡ್ ಮೇಲೆ ಕೈ ಆಡಿಸಿ ನೋಡಿ, ಇವತ್ತಿಗೂ ಆ ಸ್ಕ್ರೇಪಿಂಗ್ ಗುರುತು ಅಲ್ಲಲ್ಲಿ ಉಳಿದಿದೆ. ಅದರ ಮೋಟಾರ್ 3 ಎಚ್‌ಪಿ, ಪ್ಲೇಟಲ್ಲಿ 415 ಡೆಲ್ಟಾ. ಇದಕ್ಕೆ ಹಾಗೇ 230 ಕೊಟ್ಟು 50 ಹರ್ಟ್ಸಲ್ಲಿ ಓಡಿಸಿದ್ರೆ ಮೋಟಾರಿನ ಗರಿಷ್ಠ ಟಾರ್ಕು ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬೀಳುತ್ತೆ. ಡ್ರೈವಲ್ಲಿ ಪೂರ್ತಿ 230 ವೋಲ್ಟು 28 ಹರ್ಟ್ಸಿಗೇ ಬರೋ ಹಾಗೆ ಇಟ್ರೆ ಅಲ್ಲಿವರೆಗೂ ಎಳೆತ ಚೆನ್ನಾಗಿರುತ್ತೆ, ಆದ್ರೆ ಸಿಗೋದು ಒಂದೂವರೆ ಎಚ್‌ಪಿ ಚಿಲ್ಲರೆ ಅಷ್ಟೆ. 230 ಕೊಟ್ರೆ 415 ಮಾಡಿ ಕೊಡೋ ಡ್ರೈವೂ ಬರುತ್ತೆ, ರೇಟ್ ಜಾಸ್ತಿ.

ಮತ್ತೆ ವೈಂಡಿಂಗ್ ಅಣ್ಣನ ಹತ್ರನೇ ಹೋದೆ. ಪೂರ್ತಿ ರಿವೈಂಡ್ ಮಾಡಿಸೋಣ ಅಂತ ಹೋದವನಿಗೆ ಅವರು ಮೋಟಾರ್ ತೆಗೆದು ತುಂಬಾ ಹೊತ್ತು ನೋಡಿ ಬೇರೇನೇ ಹೇಳಿದ್ರು. ಒಂದೊಂದು ಫೇಸಿನ ಕಾಯಿಲ್ ಗ್ರೂಪುಗಳೆಲ್ಲ ಸೀರೀಸಲ್ಲಿದೆ, ಅದನ್ನ ಎರಡು ಭಾಗ ಮಾಡಿ ಪ್ಯಾರಲಲ್ ಕೊಟ್ರೆ 415ರ ಮೋಟಾರು 207ರದ್ದಾಗುತ್ತೆ, ಒಂದು ಗ್ರಾಂ ತಾಮ್ರ ಬದಲಾಯಿಸೋದು ಬೇಡ, ಡ್ರೈವಲ್ಲಿ ನೀನು 50 ಹರ್ಟ್ಸಿಗೆ 207 ವೋಲ್ಟ್ ಅಂತ ಹಾಕ್ಕೋ ಸಾಕು ಅಂದ್ರು. ಮನೆಗೆ ಬಂದು ಲೆಕ್ಕ ಹಾಕಿದೆ, 4.6 ಆಂಪ್ಸ್ ಇದ್ದಿದ್ದು 9.2 ಆಗುತ್ತೆ, 2.2 ಕಿಲೋವ್ಯಾಟ್ ಡ್ರೈವಿನ ಔಟ್‌ಪುಟ್ಟು 11, ಸರಿಯಾಗಿ ಕೂರುತ್ತೆ. ಸ್ಟೇಟರ್ ಅವರ ಅಂಗಡಿಯಲ್ಲೇ ಇದೆ, ಶನಿವಾರ ಬಾ ಅಂದಿದಾರೆ, ಓಡಿಸಿ ನೋಡಿದ ಮೇಲೆ ಆಂಪ್ಸ್ ಎಷ್ಟು ಬಂತು, ಎಷ್ಟು ಬಿಸಿ ಆಯ್ತು ಅಂತ ಇಲ್ಲೇ ಕೆಳಗೆ ಸೇರಿಸ್ತೀನಿ.